ಹೊಳೆಯ ಗುರುತಿಗಿಂತ ಎರಡಡಿ ಮೇಲೆ

ನೆರೆ ಬರುವ ಜಾಗದಲ್ಲಿ ಮನೆ ಕಟ್ಟುವವರ ಪ್ರಶ್ನೆಗಳನ್ನು ಕಳೆದ ತಿಂಗಳು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಹೊಸನಗರ ಕಡೆಯವು. ಕಟ್ಟಡ ಎಂಜಿನಿಯರುಗಳು ಮತ್ತು ಭೂಮಾಪನ ಬಲ್ಲವರು ಸೇರಿ ಉತ್ತರಿಸಿದ್ದಾರೆ. ಒಂದೇ ತೆರನ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇವೆ.

ಶಿವಮೊಗ್ಗದಲ್ಲಿ ತುಂಗಾ ಹೊಳೆಗೆ ಹತ್ತಿರವೇ ನಮ್ಮದೊಂದು 30×40 ಸೈಟು. 2019ರ ಆಗಸ್ಟ್‌ನಲ್ಲಿ ಪಕ್ಕದ ಮನೆಯ ಕಿಟಕಿಯ ಕೆಳಅಂಚಿನವರೆಗೆ ನೀರು ನಿಂತಿತ್ತಂತೆ. ರಸ್ತೆಯಿಂದ ಮೂರಡಿ ಎತ್ತರಿಸಿದರೆ ಸಾಕು ಎನ್ನುತ್ತಾರೆ ಮೇಸ್ತ್ರಿ. ಸಾಕೇ?

ಸಾಲದು. ನಿಮ್ಮ ಪತ್ರದಲ್ಲೇ ಲೆಕ್ಕ ಇದೆ. ಕಿಟಕಿಯ ಕೆಳಅಂಚು ಸಾಮಾನ್ಯವಾಗಿ ಒಳಗಿನ ನೆಲದಿಂದ ಮೂರಡಿ. ಆ ಮನೆಯ ನೆಲ ರಸ್ತೆಯಿಂದ ಒಂದೂವರೆ ಅಡಿ ಮೇಲಿದ್ದರೆ ನೀರು ಬಂದದ್ದು ರಸ್ತೆಯಿಂದ ನಾಲ್ಕೂವರೆ ಅಡಿಗೆ. ಮೇಸ್ತ್ರಿ ಹೇಳಿದಂತೆ ಮೂರಡಿ ಎತ್ತರಿಸಿದರೆ ಅಂಥದೇ ಇನ್ನೊಂದು ನೆರೆಗೆ ನಿಮ್ಮ ಹಾಲ್‌ನಲ್ಲಿ ಒಂದೂವರೆ ಅಡಿ ನೀರು.

ಮೊದಲು ಗುರುತನ್ನು ನಿಖರವಾಗಿ ನಿಮ್ಮ ಸೈಟಿಗೆ ತನ್ನಿ. ಗೋಡೆಯ ಮೇಲೆ ಕೆಸರಿನ ಗೆರೆ ಉಳಿದಿರುವ ಮೂರು ಮನೆಗಳನ್ನಾದರೂ ನೋಡಿ, ಒಂದೇ ಮನೆಯವರ ನೆನಪನ್ನು ನೆಚ್ಚಬೇಡಿ. ನೆನಪಿನಲ್ಲಿ ನೀರು ವರ್ಷಕ್ಕಿಷ್ಟು ಏರುತ್ತದೆ, ಸೈಟು ಮಾರುವವರ ಬಾಯಲ್ಲಿ ಇಳಿಯುತ್ತದೆ. ಗೆರೆ ಸಿಕ್ಕ ಮೇಲೆ ನೀರು ತುಂಬಿದ ಟ್ಯೂಬ್ ಲೆವೆಲ್‌ನಿಂದ ನಿಮ್ಮ ಸೈಟಿನ ಮೂಲೆಗೆ ಒಯ್ದು ಕಂಬಕ್ಕೆ ಬಣ್ಣ ಹಚ್ಚಿ. ಟ್ಯೂಬಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಎರಡು ಇಂಚು ತಪ್ಪುತ್ತದೆ. ಐವತ್ತು ಅಡಿಗಿಂತ ದೂರ ಒಯ್ಯುವುದಿದ್ದರೆ ಸರ್ವೇಯರ್ ಕರೆಸಿ ಮಟ್ಟ ನೋಡುವ ಆಟೋ ಲೆವೆಲ್ ಯಂತ್ರ ಇಡಿಸಿ, ಅರ್ಧ ದಿನದ ಕೆಲಸ. ಸೇತುವೆಯ ಕಂಬಕ್ಕೆ ಬರೆದ ಗರಿಷ್ಠ ನೆರೆ ಮಟ್ಟವನ್ನು ನೇರವಾಗಿ ನಿಮ್ಮದೆಂದುಕೊಳ್ಳಬೇಡಿ. ಹೊಳೆಯ ಮೇಲ್ಮೈಗೂ ಇಳಿಜಾರು ಇದೆ, ಅರ್ಧ ಕಿಲೋಮೀಟರ್ ಮೇಲೆ ಕೆಳಗೆ ಆದರೆ ಮಟ್ಟ ಬೇರೆಯೇ. ಕೇಂದ್ರ ಜಲ ಆಯೋಗ ತುಂಗೆಯ ನೀರನ್ನು ಶಿವಮೊಗ್ಗದಲ್ಲೂ ಭದ್ರೆಯದನ್ನು ಹೊಳೆಹೊನ್ನೂರಿನಲ್ಲೂ ಅಳೆಯುತ್ತದೆ. ಆ ಅಂಕಿ ಹೊಳೆಯ ಏರಿಳಿತ ತಿಳಿಯಲು ಒಳ್ಳೆಯದು, ನಿಮ್ಮ ತಳಪಾಯದ ಎತ್ತರಕ್ಕೆ ಮಾತ್ರ ನಿಮ್ಮ ಬೀದಿಯ ಗೆರೆಯೇ ಸಾಕ್ಷಿ. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ಊರೆಲ್ಲ ನೋಡುತ್ತದಲ್ಲ, ಅದೂ ಎಚ್ಚರಿಕೆಯ ಗುರುತೇ ಹೊರತು ಕಟ್ಟಡದ ಅಳತೆಯಲ್ಲ.

ಈ ಗೆರೆಯ ಮೇಲೆ ಕನಿಷ್ಠ ಎರಡಡಿ ಬಿಡಿ. ಅಲೆ, ತೇಲಿ ಬರುವ ಮರ, ಮುಂದೆ ಮೇಲಿನವರು ಮಣ್ಣು ತುಂಬಿಸಿ ಹೊಳೆಯನ್ನು ಇಕ್ಕಟ್ಟು ಮಾಡುವುದು, ಎಲ್ಲಕ್ಕೂ ಸೇರಿ ಈ ಎರಡಡಿ. ಅಲ್ಲಿಗೆ ರಸ್ತೆಯಿಂದ ಆರೂವರೆ ಅಡಿ.

ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ 45 ಸೆಂ.ಮೀ. ಎಂದಿದೆಯಲ್ಲ ಎಂದು ಇನ್ನಿಬ್ಬರು ಓದುಗರು ಕೇಳಿದ್ದಾರೆ. ಅದು ಸುತ್ತಲಿನ ನೆಲದಿಂದ ತಳಪಾಯಕ್ಕಿರಬೇಕಾದ ಕನಿಷ್ಠ ಎತ್ತರ, ಅಂಗಳದ ಮಳೆನೀರು ಒಳಗೆ ಬಾರದಿರಲಿ ಎಂದು ಇಟ್ಟದ್ದು. ಹೊಳೆಯ ಲೆಕ್ಕ ಅದರಲ್ಲಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2008ರ ನೆರೆ ಮಾರ್ಗಸೂಚಿ ಆಸ್ಪತ್ರೆ, ವಿದ್ಯುತ್ ಕೇಂದ್ರದಂಥವು 100 ವರ್ಷದ ನೆರೆಯ ಅಥವಾ ಕಂಡ ಗರಿಷ್ಠ ನೆರೆಯ ಮಟ್ಟಕ್ಕಿಂತ ಮೇಲಿರಲಿ ಎನ್ನುತ್ತದೆ. ವಾಸದ ಬಡಾವಣೆ 25 ವರ್ಷದ ನೆರೆಯ ಮಟ್ಟಕ್ಕಿಂತ ಮೇಲಿರಲಿ, ಅಪಾಯದ ಜಾಗದಲ್ಲಿ ಮನೆ ಕಂಬಗಳ ಮೇಲೆ ನಿಲ್ಲಲಿ ಎಂಬುದೂ ಅದರಲ್ಲೇ ಇದೆ. ‘25 ವರ್ಷದ ನೆರೆ’ ಎಂದರೆ ಇಪ್ಪತ್ತೈದು ವರ್ಷಕ್ಕೊಮ್ಮೆ ಸರದಿಯಂತೆ ಬರುವುದಲ್ಲ, ಪ್ರತಿ ವರ್ಷವೂ ನೂರಕ್ಕೆ ನಾಲ್ಕು ಪಾಲು ಬರುವ ಸಂಭವ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದರೆ ಅದನ್ನು ಒಮ್ಮೆಯಾದರೂ ಕಾಣುವ ಸಂಭವ ನೂರಕ್ಕೆ 71. ನೂರು ವರ್ಷದ ನೆರೆಗೂ ನೂರಕ್ಕೆ 26. ಮನೆ ಸಾಲ ತೀರುವಷ್ಟರಲ್ಲಿ ಒಮ್ಮೆ ನೀರು ಬರುತ್ತದೆ ಎಂದುಕೊಂಡೇ ಕಟ್ಟುವುದು ಜಾಣತನ.

ಆರೂವರೆ ಅಡಿಗೆ ಮಣ್ಣು ತುಂಬಬೇಕೋ, ಕಂಬ ಎತ್ತಬೇಕೋ? ಮನೆಯ ಅಡಿಯ ಜಾಗ 25×32, ಅಂದರೆ 800 ಚದರಡಿ ಹಿಡಿಯಿರಿ. ಗಟ್ಟಿಯಾದ ಮೇಲೆ 5,200 ಘನ ಅಡಿ ಬೇಕು. ಸಡಿಲ ಗ್ರಾವೆಲ್ ಕಾಲು ಪಾಲು ಹೆಚ್ಚು, ಹಾಗಾಗಿ 100 ಘನ ಅಡಿಯ 65 ಯೂನಿಟ್, ಮೂರು ಯೂನಿಟ್ ಟಿಪ್ಪರ್‌ನಲ್ಲಿ ಸುಮಾರು 22 ಲೋಡು. ಅಷ್ಟು ಮಣ್ಣು ಸುತ್ತಲಿನ ಕಲ್ಲುಕಟ್ಟಡವನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ನೆರೆ ಸರ್ರನೆ ಇಳಿದಾಗ ಒಳಗಿನ ಮಣ್ಣು ಒದ್ದೆ, ಹೊರಗೆ ನೀರಿನ ಆಸರೆ ಇಲ್ಲ. ಗೋಡೆ ಉಬ್ಬುವುದು ಆಗಲೇ. ಒಂದು ಮೀಟರ್‌ವರೆಗೆ ತುಂಬಿಸುವುದು ಸರಿ: ಮೇಲಿನ ಒಂದಡಿ ಗದ್ದೆಮಣ್ಣು ತೆಗೆದು, 15ರಿಂದ 20 ಸೆಂ.ಮೀ. ಪದರ ಹಾಸಿ, ನೀರು ಹನಿಸಿ, ಪ್ರತಿ ಪದರಕ್ಕೂ ಯಂತ್ರದಿಂದ ದಮ್ಮಸು ಹೊಡೆಸಿ. ಒಮ್ಮೆಗೇ ಸುರಿದು ಮೇಲೆ ನೀರು ಬಿಟ್ಟರೆ ಎರಡು ಮಳೆಗಾಲದಲ್ಲಿ ಟೈಲ್ಸ್ ಕುಸಿಯುತ್ತದೆ.

ನಿಮ್ಮ ಸೈಟಿಗೆ ಕಂಬಗಳೇ ಸರಿ. ಹೇಗೂ ಕಾರು ನಿಲ್ಲಲು 8 ಅಡಿ ಬೇಕು, ಅಲ್ಲಿಗೆ ನೆರೆಯ ಲೆಕ್ಕವೂ ಮುಗಿಯಿತು. ಆದರೆ ಒಂದು ಸೂಕ್ಷ್ಮ: ಗೆರೆಗಿಂತ ಮೇಲಿರಬೇಕಾದ್ದು ತೊಲೆಯ ಕೆಳಮೈ. ನೆಲದ ಟೈಲ್ಸ್‌ನಿಂದ ಅಳೆದರೆ ಒಂದೂವರೆ ಅಡಿ ತೊಲೆ ನೀರಿಗೆ ಅಡ್ಡ ನಿಂತು, ತೇಲಿ ಬಂದ ಕಸವನ್ನೆಲ್ಲ ಹಿಡಿಯುತ್ತದೆ. ಕಾಂಕ್ರೀಟಿನ ಬಲ ಎಂ25 ದರ್ಜೆಗೆ ಕಡಿಮೆ ಬೇಡ. ಕಬ್ಬಿಣದ ಸರಳಿನ ಮೇಲೆ ಕಂಬಕ್ಕೆ 40 ಮಿ.ಮೀ., ತಳದ ಪಾದಕ್ಕೆ 50 ಮಿ.ಮೀ. ಕಾಂಕ್ರೀಟಿನ ಹೊದಿಕೆ (ಕವರ್) ಬೇಕು. ಕಂಬಗಳನ್ನು ನೆಲಮಟ್ಟದಲ್ಲಿ ತೊಲೆಗಳಿಂದ ಒಂದಕ್ಕೊಂದು ಬಿಗಿಯಿರಿ. ಹೊಳೆ ಕಡೆಯ ಪಾದಗಳು ಉಳಿದವಕ್ಕಿಂತ ಆಳ ಇರಲಿ, ಹರಿಯುವ ನೀರು ಮೊದಲು ಮಣ್ಣು ಕೊರೆಯುವುದು ಅಲ್ಲೇ. ಮನೆಯಲ್ಲಿ ವಯಸ್ಸಾದವರಿದ್ದರೆ ಈಗಲೇ ಯೋಚಿಸಿ: ಎಂಟಡಿ ಏರಲು ಆರಿಂಚಿನ 16 ಮೆಟ್ಟಿಲು. 1:12ರ ಇಳಿಜಾರು ದಾರಿ ಮಾಡಲು 96 ಅಡಿ ಉದ್ದ ಬೇಕು, 40 ಅಡಿ ಸೈಟಿನಲ್ಲಿ ಅದು ಆಗುವ ಮಾತಲ್ಲ.

ಕೆಳಗಿನ ಜಾಗವನ್ನು ಮುಂದೆ ಗೋಡೆ ಕಟ್ಟಿ ಬಾಡಿಗೆಗೆ ಬಿಡುವ ಆಸೆ ಎಲ್ಲರಿಗೂ ಬರುತ್ತದೆ. ಬಿಡಬೇಡಿ. ಸಾಮಾನು ಇಡಲೆಂದು ಮುಚ್ಚಲೇಬೇಕಾದರೆ ಅಮೆರಿಕದವರ ಒಂದು ಲೆಕ್ಕ ಬಳಸಿಕೊಳ್ಳಬಹುದು: ಮುಚ್ಚಿದ ಪ್ರತಿ ಚದರಡಿಗೆ ಒಂದು ಚದರ ಇಂಚು ತೆರೆದ ಕಿಂಡಿ, ಕನಿಷ್ಠ ಎರಡು ಗೋಡೆಗಳಲ್ಲಿ, ಕಿಂಡಿಯ ಕೆಳಅಂಚು ನೆಲದಿಂದ ಒಂದಡಿಯೊಳಗೆ. 300 ಚದರಡಿ ಕೋಣೆಗೆ 10×6 ಇಂಚಿನ ಐದು ಕಿಂಡಿ. ನೀರು ಒಳಗೂ ಹೊರಗೂ ಒಂದೇ ಮಟ್ಟದಲ್ಲಿ ಏರಿದರೆ ಗೋಡೆಗೆ ಒತ್ತಡವಿಲ್ಲ.

ಬಡಾವಣೆಗೆ ಮಂಜೂರಾತಿ ಇದೆ, ಕಟ್ಟಡ ಪರವಾನಗಿ ಇದೆ, ಬ್ಯಾಂಕ್ ಸಾಲವನ್ನೂ ಕೊಟ್ಟಿದೆ. ಆದರೂ ನೀರು ಬಂತು. ಹಾಗಾದರೆ ಇಷ್ಟು ಪರವಾನಗಿಗಳು ಏತಕ್ಕೆ?

ಪರವಾನಗಿ ನೋಡುವುದೇ ಬೇರೆ. ಬಡಾವಣೆಗೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಪಾಲಿಕೆಯೊಳಗೆ ಕಟ್ಟಲು 1976ರ ಪೌರ ನಿಗಮಗಳ ಕಾಯ್ದೆ, ಪುರಸಭೆ ವ್ಯಾಪ್ತಿಯಲ್ಲಿ 1964ರ ಪುರಸಭೆಗಳ ಕಾಯ್ದೆ, ಹಳ್ಳಿಯಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ. ಇವು ಮುಖ್ಯವಾಗಿ ಜಾಗದ ಬಳಕೆ, ಸುತ್ತ ಬಿಡಬೇಕಾದ ಅಂತರ, ಎತ್ತರ, ರಸ್ತೆಯ ಅಗಲ ನೋಡುತ್ತವೆ. ಮಂಜೂರಾದ ನಕ್ಷೆಯಲ್ಲಿ ನೆರೆಯ ಮಟ್ಟ ಬರೆದಿರುತ್ತದೆಯೇ? ನಿಮ್ಮದನ್ನೇ ತೆಗೆದು ನೋಡಿ.

ನೆರೆಬಯಲನ್ನೇ ವಲಯಗಳಾಗಿ ಹಂಚುವ ಒಂದು ಮಾದರಿ ಮಸೂದೆಯನ್ನು ಕೇಂದ್ರವು 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡ, ಹಿಂದಿನ ಜಮ್ಮು ಕಾಶ್ಮೀರ ಅದನ್ನು ಕಾನೂನಾಗಿ ಮಾಡಿದವು. ಕರ್ನಾಟಕ ಆ ಸಾಲಿನಲ್ಲಿಲ್ಲ. ಹೀಗಾಗಿ ನಮ್ಮಲ್ಲಿ ನದಿಯಂಚಿನ ನಿರ್ಬಂಧಕ್ಕೆ ಆಧಾರ ಊರಿನ ಮಹಾಯೋಜನೆ (ಮಾಸ್ಟರ್ ಪ್ಲಾನ್) ಮತ್ತು ಅದರ ವಲಯ ನಿಯಮಾವಳಿ, ಜೊತೆಗೆ ಭೂಕಂದಾಯ ಕಾನೂನು.

ಸೈಟು ಕೊಳ್ಳುವ ಮುಂಚೆ ನೀವೇ ಮಾಡಬೇಕಾದ ಕೆಲಸ ಇದು. ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್ ತೆರೆದು ಸೈಟಿನ ಮೇಲೆ ನಿಂತು ಮೂಲ ಸರ್ವೆ ನಂಬರ್ ತಿಳಿದುಕೊಳ್ಳಿ. ಆ ಗ್ರಾಮದ ಹಳೆಯ ನಕ್ಷೆ ತೆಗೆಸಿ. ಈಗ ಕಾಣದ ಹಳ್ಳ ಅಲ್ಲಿ ಜೋಡಿಗೆರೆಯಾಗಿ ಹರಿಯುತ್ತಿರುತ್ತದೆ. ಪಹಣಿಯಲ್ಲೂ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದ ಆಕಾರ್‌ಬಂದ್‌ನಲ್ಲೂ ಕಂದಾಯವಿಲ್ಲದ ಖರಾಬು ಎಷ್ಟು ಗುಂಟೆ, ಎ ಖರಾಬೋ ಬಿ ಖರಾಬೋ ನೋಡಿ. ಭೂಕಂದಾಯ ನಿಯಮಗಳ 21(2)ರಂತೆ ಎ ಎಂದರೆ ಸಾಗುವಳಿಗೆ ಒದಗದ ಜಾಗ, ಬಿ ಎಂದರೆ ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಬಳಕೆಯ ಜಾಗ. 1964ರ ಭೂಕಂದಾಯ ಕಾಯ್ದೆಯ 67ನೇ ಪ್ರಕರಣದಂತೆ ನದಿ, ಹಳ್ಳಗಳ ಪಾತ್ರ ಸರ್ಕಾರದ್ದು. ಬಿ ಖರಾಬಿನ ಮೇಲೆ ಸೈಟು ಮಾಡಿದ್ದರೆ ಎಷ್ಟು ಕೈ ಬದಲಾದರೂ, ಎಷ್ಟು ವರ್ಷ ಕಂದಾಯ ಕಟ್ಟಿದರೂ ಅದು ನಿಮ್ಮದಾಗದು. ಆಮೇಲೆ ಗಡಿ ಅಳೆದು ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಹಾಕಿ ಕಲ್ಲು ನೆಡಿಸಿ. 95ನೇ ಪ್ರಕರಣದ ಭೂಪರಿವರ್ತನೆ ಆದೇಶದ ಮೊದಲ ಪುಟ ಎಲ್ಲರೂ ಓದುತ್ತಾರೆ, ನೀವು ಕೊನೆಯ ಪುಟದ ಷರತ್ತುಗಳನ್ನು ಓದಿ. ‘ಹಳ್ಳದ ಹರಿವಿಗೆ ಅಡ್ಡಿ ಮಾಡತಕ್ಕದ್ದಲ್ಲ’ ಎಂಬಂಥ ಸಾಲು ಇದ್ದರೆ ಹಳ್ಳ ಎಲ್ಲಿದೆ ಎಂದು ಹುಡುಕುವ ಹೊಣೆ ನಿಮ್ಮದೇ.

ಕೊನೆಯದಾಗಿ, ಸೈಟು ನೋಡಲು ಮಾರ್ಚಿಯಲ್ಲಿ ಹೋಗಬೇಡಿ. ಪುಷ್ಯ, ಆಶ್ಲೇಷ ಮಳೆಯ ಹೊತ್ತಿಗೆ, ಜುಲೈ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಒಮ್ಮೆ ಹೋಗಿ.

ಹೊಳೆಯಿಂದ 75 ಮೀಟರ್ ಬಿಟ್ಟರೆ ಪರವಾನಗಿ ಗ್ಯಾರಂಟಿ ಎನ್ನುತ್ತಾರೆ. ನಿಜವೇ?

ಇಲ್ಲ. ಆ 75 ಮೀಟರ್ ಬಂದದ್ದು ಬೆಂಗಳೂರಿನ ಕೆರೆಗಳ ಬಗ್ಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಕೊಟ್ಟ ಆದೇಶದಿಂದ. ರಾಜಕಾಲುವೆಗಳಿಗೆ ಗಾತ್ರಕ್ಕೆ ತಕ್ಕಂತೆ 50, 35, 25 ಮೀಟರ್ ಎಂದೂ ಅದರಲ್ಲಿತ್ತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಶಿವಮೊಗ್ಗಕ್ಕೆ ಅನ್ವಯಿಸುವುದು ಇಲ್ಲಿನ ಮಹಾಯೋಜನೆಯ ವಲಯ ನಿಯಮಾವಳಿ. ನಿಮ್ಮ ಸರ್ವೆ ನಂಬರ್ ಬರೆದು, ಯಾವ ವಲಯ, ನದಿ ಅಥವಾ ನಾಲೆಯಿಂದ ಎಷ್ಟು ಅಂತರ, ಆ ಅಂತರವನ್ನು ನಾಲೆಯ ನಡುಗೆರೆಯಿಂದ ಅಳೆಯಬೇಕೋ ಅಂಚಿನಿಂದಲೋ ಎಂದು ಯೋಜನಾ ಪ್ರಾಧಿಕಾರದಿಂದ ಬರಹದಲ್ಲಿ ಪಡೆಯಿರಿ. ಕೊನೆಯ ಪ್ರಶ್ನೆಯಲ್ಲೇ ಹತ್ತಾರು ಅಡಿ ಆಚೀಚೆ ಆಗುತ್ತದೆ. ಇನ್ನು ಅಂತರ ಬಿಟ್ಟ ಮಾತ್ರಕ್ಕೆ ನೀರು ಬಾರದೆಂದಲ್ಲ. ಕಡಿದಾದ ದಂಡೆಯ ಮೇಲೆ 20 ಮೀಟರ್ ದೂರದ ಮನೆ ಉಳಿದು, ಸಮತಟ್ಟು ಗದ್ದೆಯಲ್ಲಿ 300 ಮೀಟರ್ ದೂರದ್ದು ಮುಳುಗಬಹುದು.

ನಮ್ಮದು ಭದ್ರಾವತಿ. ಮೇಲೆ ಭದ್ರಾ ಡ್ಯಾಂ ಇರುವಾಗ ಹೊಳೆ ಪಕ್ಕದ ಸೈಟಿಗೆ ಹೆದರಬೇಕೆ? ರೇಟು ಕಡಿಮೆ ಇದೆ.

ರೇಟು ಕಡಿಮೆ ಇರುವುದಕ್ಕೆ ಕಾರಣ ಇರುತ್ತದಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯ 71.5 ಟಿಎಂಸಿ ಹಿಡಿಯುತ್ತದೆ. ಜೂನ್, ಜುಲೈಯಲ್ಲಿ ಖಾಲಿ ಇರುವಷ್ಟು ದಿನ ಅದು ನೆರೆಯನ್ನು ನುಂಗಿಕೊಳ್ಳುತ್ತದೆ, ನಿಜ. ಮಟ್ಟ ಪೂರ್ತಿ ತುಂಬಿದ 186 ಅಡಿಗೆ ಹತ್ತಿರವಾದ ಮೇಲೆ ಒಳಬಂದದ್ದನ್ನು ಹೊರಬಿಡಲೇಬೇಕು. ಆಗ ಭದ್ರಾವತಿಯಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಹಾಗಾಗಿ ನೀವು ನೋಡಬೇಕಾದ್ದು ಊರಿನ ಮಳೆಯನ್ನಲ್ಲ, ಜಲಾಶಯದ ಮಟ್ಟವನ್ನು.

ತುಂಗೆಯ ಕಡೆ ಅಷ್ಟೂ ಆಸರೆ ಇಲ್ಲ. ಗಾಜನೂರಿನ ಜಲಾಶಯ 3.24 ಟಿಎಂಸಿ. ಶೃಂಗೇರಿ, ತೀರ್ಥಹಳ್ಳಿ ಕಡೆಯಿಂದ 70 ಸಾವಿರ ಕ್ಯೂಸೆಕ್ ಬಂದರೆ ಪೂರಾ ಖಾಲಿ ಇದ್ದರೂ ಹದಿಮೂರು ಗಂಟೆಯಲ್ಲಿ ತುಂಬುತ್ತದೆ. ಮಳೆಗಾಲದ ನಡುವೆ ಅದು ಖಾಲಿ ಇರುವುದೂ ಇಲ್ಲ. ‘ಡ್ಯಾಂನಿಂದ ನೀರು ಬಿಟ್ಟು ಮುಳುಗಿಸಿದರು’ ಎಂಬ ಮಾತು ಗಾಜನೂರಿನ ಮಟ್ಟಿಗೆ ಸರಿಯಲ್ಲ, ಬಂದ ನೀರು ಹಾಗೇ ದಾಟಿ ಹೋಗುತ್ತದೆ ಅಷ್ಟೆ. ದೊಡ್ಡ ಡ್ಯಾಂನ ಅಪಾಯ ಇನ್ನೊಂದು ಬಗೆಯದು: ಸಣ್ಣಪುಟ್ಟ ನೆರೆ ನಿಂತುಹೋದದ್ದರಿಂದ ಜನ ಧೈರ್ಯವಾಗಿ ಕೆಳಕೆಳಗೆ ಕಟ್ಟುತ್ತ ಹೋಗುತ್ತಾರೆ.

ಖಾಲಿ ಸಂಪು ನೆರೆಯಲ್ಲಿ ಮೇಲೆದ್ದು ವಾಲಿದೆ. ಕಾಂಕ್ರೀಟು ತೇಲುತ್ತದೆಯೇ?

ತೇಲುತ್ತದೆ. ಹೊರ ಅಳತೆ 3×2×2 ಮೀಟರ್ ಇರುವ ಸಂಪು 12 ಘನ ಮೀಟರ್ ನೀರನ್ನು ಸರಿಸುತ್ತದೆ, ಅಂದರೆ ಸುತ್ತ ನೀರು ತುಂಬಿದಾಗ 12 ಟನ್ ಮೇಲಕ್ಕೆತ್ತುವ ಬಲ. ಗೋಡೆ, ತಳ, ಮುಚ್ಚಿಗೆ ಎಲ್ಲ 15 ಸೆಂ.ಮೀ. ದಪ್ಪದ ಕಾಂಕ್ರೀಟಾದರೆ ಒಟ್ಟು ತೂಕ ಹತ್ತೂವರೆ ಟನ್. ಒಂದೂವರೆ ಟನ್ ಕೊರತೆ, ಸುತ್ತಲಿನ ಮಣ್ಣಿನ ಹಿಡಿತ ಸಡಿಲವಾದ ಕೂಡಲೇ ಎದ್ದಿತು. ಪ್ಲಾಸ್ಟಿಕ್ ಸೆಪ್ಟಿಕ್ ಟ್ಯಾಂಕಿನ ಗತಿಯನ್ನು ಹೇಳುವುದೇ ಬೇಡ.

ಹೊಸದಾಗಿ ಕಟ್ಟುವಾಗ ತಳದ ಹಲಗೆಯನ್ನು ಗೋಡೆಯಿಂದಾಚೆ ಸುತ್ತಲೂ ಒಂದಡಿ ಚಾಚಿ, ಅದರ ಮೇಲೆ ಕೂತ ಮಣ್ಣೇ ಲಂಗರು. ಈಗಿರುವುದಕ್ಕೆ ಮದ್ದು ಇನ್ನೂ ಸುಲಭ: ಮಳೆಗಾಲದಲ್ಲಿ ಸಂಪು ತುಂಬಿಯೇ ಇರಲಿ. ನೆರೆ ಇಳಿದ ಕೂಡಲೇ ಕೆಸರು ತೆಗೆಯಲು ಪಂಪು ಹಚ್ಚಿ ಖಾಲಿ ಮಾಡುವುದು ಎಲ್ಲರೂ ಮಾಡುವ ತಪ್ಪು. ಹೊರಗೆ ಮಣ್ಣಿನಲ್ಲಿ ನೀರು ಇನ್ನೂ ಇಳಿದಿರುವುದಿಲ್ಲ. ಪಕ್ಕದ ಬಾವಿಯ ನೀರು ಸಂಪಿನ ತಳಕ್ಕಿಂತ ಕೆಳಗೆ ಹೋಗುವವರೆಗೆ ಕಾಯಿರಿ.

ಸೆಪ್ಟಿಕ್ ಟ್ಯಾಂಕಿನ ನೀರು ಇಂಗಿಸುವ ಗುಂಡಿ ಕುಡಿಯುವ ಬಾವಿಯಿಂದ 18 ಮೀಟರ್ ದೂರ ಇರಬೇಕು. ಅಂತರ್ಜಲ ನೆಲದಿಂದ 1.8 ಮೀಟರ್ ಒಳಗೇ ಸಿಗುವ ಜಾಗದಲ್ಲಿ ಇಂಗುಗುಂಡಿ ಕೆಲಸ ಮಾಡುವುದಿಲ್ಲ, ಮಳೆಗಾಲವಿಡೀ ಅದು ತುಂಬಿಯೇ ಇರುತ್ತದೆ. ಅಲ್ಲಿ ನೆಲದ ಮೇಲೆ ಮಣ್ಣಿನ ದಿಬ್ಬ ಮಾಡಿ ಅದರೊಳಗೆ ಜಲ್ಲಿ ತುಂಬಿದ ಕಾಲುವೆಯಲ್ಲಿ ಇಂಗಿಸಬೇಕು.

ಕಾಂಪೌಂಡ್ ಗೋಡೆ ಉದ್ದಕ್ಕೂ ಮಲಗಿಬಿಟ್ಟಿತು. ಮತ್ತೆ ಎಷ್ಟು ದಪ್ಪ ಕಟ್ಟಲಿ?

ದಪ್ಪ ಬೇಡ, ತೂತು ಬೇಕು. ಒಂದು ಬದಿ ಒಂದು ಮೀಟರ್ ನೀರು, ಇನ್ನೊಂದು ಬದಿ ಒಣನೆಲ ಇದ್ದರೆ ಪ್ರತಿ ಮೂರು ಮೀಟರ್ ಗೋಡೆಯ ಮೇಲೆ ಒಂದೂವರೆ ಟನ್ ಒತ್ತಡ, ನೀರು ನಿಂತೇ ಇದ್ದರೂ ಇಷ್ಟು. ಹರಿಯುತ್ತಿದ್ದರೆ ಇನ್ನೂ ಹೆಚ್ಚು. ಕೆಳಗಿನ ಎರಡಡಿಯನ್ನು ಜಾಲಿ ಇಟ್ಟಿಗೆಯಲ್ಲಿ ಕಟ್ಟಿ ಅಥವಾ ಕಲ್ಲುಕಂಬಕ್ಕೆ ಚೈನ್‌ಲಿಂಕ್ ಹಾಕಿ. ಗಟ್ಟಿ ಗೋಡೆ ಕಟ್ಟಿ ನಿಮ್ಮಲ್ಲಿ ತಡೆದ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತದೆ, ಜಗಳ ಅಲ್ಲಿಂದ ಶುರು.

ತೀರ್ಥಹಳ್ಳಿ ಸೀಮೆಯ ನಮ್ಮ ತೋಟದ ಮನೆಗೆ ಹೋಗುವ ದಾರಿ ಒಂದು ಸಣ್ಣ ಹಳ್ಳ ದಾಟುತ್ತದೆ. ಒಂದಡಿ ಪೈಪು ಹಾಕಿ ಮೋರಿ ಮಾಡಿದ್ದೆವು. ಎರಡು ವರ್ಷದಿಂದ ನೀರು ದಾರಿಯ ಮೇಲೆ ಹತ್ತಿ ಕೊಟ್ಟಿಗೆಗೆ ನುಗ್ಗುತ್ತಿದೆ.

ಬೇಸಿಗೆಯಲ್ಲಿ ಕಾಲು ತೋಯದ ಹಳ್ಳವನ್ನು ನೋಡಿ ಪೈಪು ಆರಿಸಿದ್ದೀರಿ. ಹಳ್ಳದ ಅಗಲ ಮರೆತು, ಅದಕ್ಕೆ ಎಷ್ಟು ಎಕರೆಯ ನೀರು ಬರುತ್ತದೆ ನೋಡಿ. ಮೇಲಿನ ಗುಡ್ಡ, ಹುಲ್ಲಿನ ಬ್ಯಾಣ ಸೇರಿ ಹತ್ತು ಎಕರೆ ಎಂದುಕೊಳ್ಳೋಣ. ಗಂಟೆಗೆ 100 ಮಿ.ಮೀ. ರಭಸದಲ್ಲಿ ಮಳೆ ಹೊಯ್ದು ಅರ್ಧ ಇಂಗಿದರೂ ಹಳ್ಳಕ್ಕೆ ಬರುವುದು ಸೆಕೆಂಡಿಗೆ ಸುಮಾರು 560 ಲೀಟರ್. ನೂರಕ್ಕೆ ಒಂದು ಇಳಿಜಾರಿನಲ್ಲಿ ಹೂತ 300 ಮಿ.ಮೀ. ಹ್ಯೂಮ್ ಪೈಪು ಸಾಗಿಸುವುದು ಸೆಕೆಂಡಿಗೆ 100 ಲೀಟರಿಗೂ ಕಡಿಮೆ. ಉಳಿದದ್ದು ಎಲ್ಲಿಗೆ ಹೋಗಬೇಕು? ನಿಮ್ಮ ಕೊಟ್ಟಿಗೆಗೆ.

600 ಮಿ.ಮೀ. ಪೈಪು ಸುಮಾರು 600 ಲೀಟರ್ ಸಾಗಿಸುತ್ತದೆ, ಕಾಗದದ ಮೇಲೆ ಸಾಕು. ಆದರೆ ಅಡಿಕೆ ಸೋಗೆ ಒಂದು ಅಡ್ಡ ಬಿದ್ದರೆ ಮುಗಿಯಿತು. 900 ಮಿ.ಮೀ. ಹಾಕಿ. ಪೈಪಿನ ಅಗಲ ಮೂರು ಪಟ್ಟಾದರೆ ಹರಿವು ಮೂರು ಪಟ್ಟಲ್ಲ, ಸುಮಾರು ಹದಿನೆಂಟು ಪಟ್ಟು ಹೆಚ್ಚುತ್ತದೆ. 900ರ ಒಂದು ಪೈಪಿನ ಬದಲು 300ರ ಮೂರು ಸಾಲಾಗಿ ಹಾಕಿದರೆ ಅದೇ ಆಯಿತಲ್ಲ ಎನ್ನುವವರಿಗೆ ಇದನ್ನು ಹೇಳಿ. ಪೈಪಿನ ತಳ ಹಳ್ಳದ ತಳಕ್ಕೆ ಸಮ ಅಥವಾ ಸ್ವಲ್ಪ ಕೆಳಗೇ ಇರಲಿ, ಎರಡೂ ಬಾಯಿಗೆ ಕಲ್ಲಿನ ಗೋಡೆ, ಕೆಳಬಾಯಿಯಲ್ಲಿ ನೀರು ಧುಮುಕುವ ಕಡೆ ದಪ್ಪ ಕಲ್ಲು ಹಾಸು. ದಾರಿಯ ಒಂದು ಕಡೆ, ಕೊಟ್ಟಿಗೆಯಿಂದ ದೂರದ ಬದಿಯಲ್ಲಿ ಒಂದಡಿ ತಗ್ಗು ಬಿಟ್ಟು ಅಲ್ಲಿ ಕಲ್ಲು ಹಾಸಿ. ಮೋರಿ ಕಸದಿಂದ ಕಟ್ಟಿಕೊಂಡ ದಿನ ನೀರು ಅಲ್ಲಿಂದ ಹೊರಳಿ ಮತ್ತೆ ಹಳ್ಳಕ್ಕೇ ಬೀಳುತ್ತದೆ. ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಮಾತ್ರ ಹಾಕಬೇಡಿ. ಬೇಕಾದರೆ ಹತ್ತಡಿ ಮೇಲೆ ಹಳ್ಳದಲ್ಲಿ ಒಂದೊಂದಡಿ ಅಂತರದಲ್ಲಿ ಗೂಟ ನೆಡಿ.

ಹೊಸನಗರ ಹತ್ತಿರ ಗುಡ್ಡದ ಬದಿ ಕಡಿದು ಮನೆ ಕಟ್ಟಿದ್ದೇವೆ. ಹಿಂದಿನ ಧರೆ, ಅಂದರೆ ಕಡಿದ ಮಣ್ಣಿನ ಗೋಡೆ, 14 ಅಡಿ. ಕಳೆದ ಮಳೆಗೆ ಒಂದಷ್ಟು ಜಾರಿತು. ಕಲ್ಲುಗೋಡೆ ಕಟ್ಟಿದರೆ ನಿಲ್ಲುತ್ತದೆಯೇ?

ಹೊಳೆಯ ನೆರೆಗಿಂತ ಇದು ಹೆಚ್ಚು ಅಪಾಯ. ನೀರು ಏರುವುದಕ್ಕೆ ಗಂಟೆಗಳು ಬೇಕು, ಧರೆ ಜರಿಯಲು ಅರೆಕ್ಷಣ ಸಾಕು. ಮಲೆನಾಡಿನ ಗುಡ್ಡಗಳಲ್ಲಿ ಮೇಲೆ ಜಂಬಿಟ್ಟಿಗೆಯ ಗಟ್ಟಿ ಪದರ, ಅದರ ಕೆಳಗೆ ಶೇಡಿ ಮಣ್ಣು. ಬೇಸಿಗೆಯಲ್ಲಿ ಜೆಸಿಬಿ ಗೋಡೆಯಂತೆ ನೆಟ್ಟಗೆ ಕಡಿದರೂ ಶೇಡಿ ನಿಲ್ಲುತ್ತದೆ, ನೀರು ಕುಡಿದ ಮೇಲೆ ಬೆಣ್ಣೆ. ಮೇಲಿನ ಗಟ್ಟಿ ಪದರ ನೋಡಿ ಜನ ಮೋಸ ಹೋಗುವುದು ಇಲ್ಲಿಯೇ.

ಗೋಡೆಗಿಂತ ಮೊದಲು ನೀರಿನ ದಾರಿ ತಿರುಗಿಸಿ. ಧರೆಯ ಅಂಚಿನಿಂದ ಆರಡಿ ಹಿಂದೆ ಮೇಲ್ಗಡೆ ಒಂದು ಅಗಳು ತೆಗೆದು, ಅದಕ್ಕೆ ಕಲ್ಲು ಸಿಮೆಂಟು ಹಾಸಿ ಬದಿಗೆ ಹರಿಸಿ. ಹಾಸದೆ ಬಿಟ್ಟ ಅಗಳು ನೀರನ್ನು ಅಲ್ಲೇ ಇಂಗಿಸಿ ಕೆಡುಕನ್ನೇ ಮಾಡುತ್ತದೆ. ಧರೆಯ ಬುಡದಲ್ಲೂ ಚರಂಡಿ ಬೇಕು. ಸೂರಿನ ನೀರು, ಬಚ್ಚಲ ನೀರು ಯಾವುದೂ ಆ ಕಡೆ ಬೀಳಕೂಡದು. ಮೇಲೆ ಅಡಿಕೆಗೋ ಬಾಳೆಗೋ ನೀರು ಬಿಡುವ ಪೈಪು ಇದ್ದರೆ ಅದನ್ನೂ ನೋಡಿ.

ಆಮೇಲೆ ಧರೆಯನ್ನು ಓರೆ ಮಾಡಿ, ಒಂದಡಿ ಎತ್ತರಕ್ಕೆ ಒಂದಡಿ ಹಿಂದಕ್ಕೆ. ಜಾಗವಿಲ್ಲದಿದ್ದರೆ ಪ್ರತಿ ಹತ್ತಡಿ ಎತ್ತರಕ್ಕೆ ಐದಡಿ ಅಗಲದ ಮೆಟ್ಟು ಬಿಡಿ. ನಿಮ್ಮ 14 ಅಡಿಗೆ ಒಂದು ಮೆಟ್ಟು ಸಾಕು. ಬುಡದ ಆರೇಳು ಅಡಿಗೆ ಕಲ್ಲುಗೋಡೆ ಕಟ್ಟಬಹುದು, ತಳದ ಅಗಲ ಎತ್ತರದ ಅರ್ಧಕ್ಕೆ ಕಡಿಮೆ ಇರಬಾರದು. ಗೋಡೆಯಲ್ಲಿ ಐದಡಿಗೊಂದರಂತೆ ಮೂರು ಇಂಚಿನ ಪಿವಿಸಿ ಪೈಪು, ಹೊರಕ್ಕೆ ಇಳಿಜಾರಾಗಿ. ಹಿಂದೆ ಒಂದಡಿ ದಪ್ಪ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ಬಟ್ಟೆ ಬಿಟ್ಟರೆ ಶೇಡಿ ಇಳಿದು ಎರಡೇ ವರ್ಷದಲ್ಲಿ ಪೈಪು ಕಟ್ಟುತ್ತದೆ. ನೀರು ಹೊರಬರದ ಕಲ್ಲುಗೋಡೆ ಧರೆಯ ಜೊತೆಗೇ ಬರುತ್ತದೆ. ಓರೆಯ ಮೇಲೆ ಲಾವಂಚ ನೆಡಿ, ಬೇರು ಆಳಕ್ಕೆ ಹೋಗುತ್ತದೆ. ಆದರೆ ಮೊದಲ ಮಳೆಗಾಲಕ್ಕೆ ಅದನ್ನು ನೆಚ್ಚಬೇಡಿ. ಇನ್ನೂ ಕಟ್ಟದವರಿಗೆ ಒಂದು ಅಂದಾಜು: ಧರೆ ಎಷ್ಟು ಎತ್ತರವೋ ಮನೆ ಅದರಿಂದ ಕನಿಷ್ಠ ಅಷ್ಟು ದೂರ.

ಮೇಲೆ ನೆಲ ಅರ್ಧಚಂದ್ರದಂತೆ ಬಿರಿದರೆ, ಬುಡದಲ್ಲಿ ತಿಳಿಯಾಗಿ ಬರುತ್ತಿದ್ದ ಜಿನುಗು ಕೆಂಪಾದರೆ, ಹಿಂಬದಿಯ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ ಆ ರಾತ್ರಿ ಅಲ್ಲಿ ಮಲಗಬೇಡಿ.

ಮನೆಯೊಳಗೆ ನೀರು ಬರುವ ಮೊದಲೇ ಬಚ್ಚಲಿನಿಂದ ಕೊಳಚೆ ಉಕ್ಕುತ್ತದೆ. ವೈರಿಂಗ್ ಹೊಸದಾಗಿ ಮಾಡಿಸುತ್ತಿದ್ದೇವೆ, ಏನು ನೋಡಬೇಕು?

ಒಳಚರಂಡಿ ಮ್ಯಾನ್‌ಹೋಲ್‌ನಲ್ಲಿ ನೀರು ನಿಮ್ಮ ಬಚ್ಚಲಿನ ಮಟ್ಟಕ್ಕಿಂತ ಏರಿದಾಗ ಹಿಂದಕ್ಕೆ ಬರುತ್ತದೆ. ಮನೆಯ ಕೊನೆಯ ಚೇಂಬರ್‌ನಲ್ಲಿ ನಾನ್‌ರಿಟರ್ನ್ ವಾಲ್ವ್ ಹಾಕಿಸಿ. ಅದರ ಬಾಗಿಲಿಗೆ ಕೂದಲು, ಕಸ ಸಿಕ್ಕಿದರೆ ಮುಚ್ಚುವುದಿಲ್ಲ, ಮೇ ಕೊನೆಯಲ್ಲಿ ಒಮ್ಮೆ ತೆಗೆದು ತೊಳೆಯಿರಿ. ವಾಲ್ವ್ ಮುಚ್ಚಿರುವಷ್ಟು ಹೊತ್ತು ನಿಮ್ಮ ನೀರೂ ಹೊರಹೋಗದು, ಆಗ ಮಹಡಿಯ ಶೌಚಾಲಯ ಬಳಸಿದರೆ ಕೆಳಗೇ ಉಕ್ಕುತ್ತದೆ.

ವೈರಿಂಗಿಗೆ: ಮೀಟರ್, ಮುಖ್ಯ ಬೋರ್ಡು ನೆರೆಯ ಗೆರೆಗಿಂತ ಮೇಲೆ. ಕೆಳಮನೆಗೆ ಬೇರೆ ಎಂಸಿಬಿ, ಮೇಲಿನದಕ್ಕೆ ಬೇರೆ. ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬಿಡಬೇಡಿ. ವೈರು ಮೇಲಿನಿಂದ ಇಳಿದು ಸಾಕೆಟ್ಟಿಗೆ ಬರಲಿ, ನೆಲದಲ್ಲಿ ಹೂತ ಪೈಪಿನಲ್ಲಿ ನೀರು ತಿಂಗಳುಗಟ್ಟಲೆ ಉಳಿಯುತ್ತದೆ. ಯುಪಿಎಸ್ ಬ್ಯಾಟರಿ ಮಹಡಿಗೆ. ನೆನೆದ ಬೋರ್ಡನ್ನು ಒಣಗಿತೆಂದು ನೀವೇ ಹಾಕಿ ನೋಡಬೇಡಿ, ವೈರಿನ ಸೋರಿಕೆ ನೋಡುವ ಮೆಗ್ಗರ್ ಇಟ್ಟು ಪರೀಕ್ಷಿಸಿದ ಮೇಲೆ ಮೆಸ್ಕಾಂನವರಿಂದ ಸಂಪರ್ಕ.

ಹೊಳೆದಂಡೆಯ ಮನೆಗೆ ತಳಪಾಯದಿಂದಲೇ ಜಂಬಿಟ್ಟಿಗೆ ಬಳಸಬಹುದೇ? ಗೋಡೆಯ ಹೊರಗೆ ವಾಟರ್‌ಪ್ರೂಫ್ ಪ್ಲಾಸ್ಟರ್ ಮಾಡಿಸಿ ನೀರನ್ನು ಹೊರಗೇ ನಿಲ್ಲಿಸುವ ಯೋಚನೆ ಇದೆ.

ನೆರೆಯ ಗೆರೆಯವರೆಗೆ ಗ್ರಾನೈಟಿನ ಸೈಜುಗಲ್ಲು, ಅದರ ಮೇಲೆ ಜಂಬಿಟ್ಟಿಗೆ. ಒಳ್ಳೆಯ ಜಂಬಿಟ್ಟಿಗೆಯೂ ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಹೊಸದಾಗಿ ಕಡಿದದ್ದಂತೂ ಮೆದು, ಕೆಲವು ತಿಂಗಳು ಗಾಳಿಗೆ ಬಿಟ್ಟು ಗಟ್ಟಿಯಾದ ಮೇಲೆ ಕಟ್ಟಬೇಕು. ಕಲ್ಲನ್ನು ಒಂದು ದಿನ ನೀರಿನಲ್ಲಿಟ್ಟು ತೂಗಿ: ಒಣತೂಕಕ್ಕಿಂತ ನೂರಕ್ಕೆ 12ಕ್ಕೂ ಹೆಚ್ಚು ಏರಿದರೆ ಆ ಲೋಡು ವಾಪಸ್ ಕಳಿಸಿ.

ನೀರನ್ನು ಹೊರಗೇ ನಿಲ್ಲಿಸುವ ಯೋಚನೆ ಮೂರಡಿಯ ಒಳಗಿನ ನೀರಿಗೆ ಮಾತ್ರ, ಅದೂ ಕೆಲವೇ ಗಂಟೆ. ಅದಕ್ಕಿಂತ ಮೇಲೆ ಏರಿದರೆ ಪ್ಲಾಸ್ಟರ್ ಸೋರದಿದ್ದರೂ ಗೋಡೆಯೇ ಒಳಗೆ ಬೀಳುತ್ತದೆ. ಹೊರಗೆ ನೀರು ಹೊಸ್ತಿಲಿಗಿಂತ ಮೂರಡಿ ಏರುವುದು ಖಾತ್ರಿ ಎನಿಸಿದಾಗ ಮೇನ್ ಸ್ವಿಚ್ ತೆಗೆದು, ಸಾಮಾನು ಅಟ್ಟಕ್ಕೇರಿಸಿ, ಹಿಂದುಮುಂದಿನ ಬಾಗಿಲು ತೆರೆದಿಟ್ಟು ಹೊರಟುಬಿಡಿ. ಕೆಸರು ತೊಳೆಯಲು ಎರಡು ದಿನ ಬೇಕಾದೀತು, ಗೋಡೆ ಮಾತ್ರ ನಿಂತಿರುತ್ತದೆ.